ತವರಿಗೆ ಬಂದ ಓಲೆಕಟ್ಟು

“ಗುರುಗಳೇ, ನಮ್ಮ ಭಂಡಾರದಷ್ಟು ಚೊಕ್ಕವಾದ ಪುಸ್ತಕ ಭಂಡಾರ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೂ ಜನ ನಮಗೆ ಪುಸ್ತಕ ಕೊಡುವುದಿಲ್ಲ. ಯಾಕೆ?”

ಕೇಳಿದವಳು ನೀಲಾಂಬಿಕೆ. ಗುರುಗಳ ಹಳೆಯ ಶಿಷ್ಯೆ. ಈಗ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಪರೂಪದ ಪುಸ್ತಕಗಳ ವಿಭಾಗಕ್ಕೆ ಮುಖ್ಯಸ್ಥೆ. ಅವಳ ಕೈಕೆಳಗೆ ಆರು ಮಂದಿ ವಿದ್ವಾಂಸರು ಕೆಲಸ ಮಾಡುತ್ತಾರೆ.

ಗುರುಗಳು ಒಂದು ಮರದ ಪೆಟ್ಟಿಗೆಗೆ ಒರಗಿ ಕುಳಿತಿದ್ದರು. ಪೆಟ್ಟಿಗೆಯಲ್ಲಿ ಅವರ ಮನೆತನದ ಓಲೆಗರಿಯ ಪುಸ್ತಕಗಳಿದ್ದವು.

“ನಿನ್ನ ಕೆಲಸದವರು ಹೇಗಿದ್ದಾರೆ?” ಎಂದು ಕೇಳಿದರು.

“ಒಬ್ಬರಿಗಿಂತ ಒಬ್ಬರು ಜಾಣರು. ತರುವವರು ತರುತ್ತಾರೆ, ಶುದ್ಧಿ ಮಾಡುವವರು ಮಾಡುತ್ತಾರೆ, ಓದುವವರು ಓದುತ್ತಾರೆ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕುವುದಿಲ್ಲ. ಹಾಗಾಗಿ ಜಗಳವೇ ಇಲ್ಲ.”

“ಮಾತು?”

“ಮಾತಿಗೆ ಪುರಸೊತ್ತೆಲ್ಲಿ, ಗುರುಗಳೇ? ನೀವು ಎರಡು ವರ್ಷದ ಹಿಂದೆ ಒಂದು ಓಲೆಕಟ್ಟು ಕೊಟ್ಟಿರಲ್ಲ, ಈಗ ನೋಡಿದರೆ ನಿಮಗೇ ಅದರ ಗುರುತು ಸಿಗಲಿಕ್ಕಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ಉಳಿದವು ಇನ್ನೂ ನಿಮ್ಮ ಬೆನ್ನ ಹಿಂದೆಯೇ ಇವೆ. ನನ್ನ ಸ್ವಂತ ಗುರುಗಳೇ ಕೊಡದಿದ್ದರೆ ಬೇರೆಯವರು ಯಾಕೆ ಕೊಟ್ಟಾರು?”

ಗುರುಗಳು ನಕ್ಕರು. “ಒಂದು ಕತೆ ಹೇಳುತ್ತೇನೆ. ಕೂತು ಕೇಳು. ನಡುವೆ ಎದ್ದು ಪೆಟ್ಟಿಗೆ ಮುಟ್ಟಬೇಡ,” ಎಂದರು.

ಒಂದು ಊರಿನಲ್ಲಿ ಒಂದು ವಿದ್ಯಾಪೀಠವಿತ್ತು. ಅದರ ಪುಸ್ತಕಗಳನ್ನು ಒಬ್ಬ ಭಂಡಾರಿ ನೋಡಿಕೊಳ್ಳುತ್ತಿದ್ದ. ಅವನ ಕೈಕೆಳಗೆ ಇಬ್ಬರಿದ್ದರು. ಒಬ್ಬ ಸಂಗ್ರಾಹಕ. ಊರೂರು ಸುತ್ತಿ, ಮನೆಮನೆ ಹತ್ತಿಳಿದು ಪುಸ್ತಕ ಕೇಳಿ ತರುವುದು ಅವನ ಕೆಲಸ. ಇನ್ನೊಬ್ಬ ಆರೈಕೆಗಾರ. ತಂದ ಪುಸ್ತಕದ ಧೂಳು ಒರೆಸಿ, ಹುಳು ತೆಗೆದು, ಎಣ್ಣೆ ಸವರಿ, ಮುರಿದದ್ದನ್ನು ಸರಿಪಡಿಸುವುದು ಅವನ ಕೆಲಸ. ಇಬ್ಬರೂ ಗಟ್ಟಿಗರು.

ಸಂಗ್ರಾಹಕ ಹೊರಕೋಣೆಯಲ್ಲಿ ಕೂರುತ್ತಿದ್ದ, ಆರೈಕೆಗಾರ ಒಳಕೋಣೆಯಲ್ಲಿ. ನಡುವಿನ ಬಾಗಿಲ ಬಳಿ ಒಂದು ಮೇಜು ಇತ್ತು. ಇವನು ತಂದು ಮೇಜಿನ ಮೇಲೆ ಇಡುತ್ತಿದ್ದ. ಅವನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಭಂಡಾರಿಗೆ ಈ ಏರ್ಪಾಡು ಬಹಳ ಹಿಡಿಸಿತ್ತು. ಅದನ್ನು ಮಾಡಿದವನೂ ಅವನೇ.

ಒಂದು ದಿನ ಪೀಠದ ಕುಲಪತಿ ಭಂಡಾರ ನೋಡಲು ಬಂದ. ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿಸಿ ನೋಡಿದ. ಪೂರ್ತಿ ಇರುವ ಪುಸ್ತಕಗಳೆಲ್ಲ ಬೇರೆ ಕಡೆಯೂ ಸಿಗುವಂಥವು. ಬೇರೆ ಎಲ್ಲೂ ಸಿಗದಂಥವೆಲ್ಲ ಅರ್ಧ.

“ಭಂಡಾರಿಗಳೇ, ಇನ್ನೆಲ್ಲೂ ಇಲ್ಲದ ಪುಸ್ತಕ ಒಂದಾದರೂ ನಮ್ಮಲ್ಲಿ ಪೂರ್ತಿಯಾಗಿ ಇರಲಿ. ವಿಜಯದಶಮಿಯವರೆಗೆ ಕಾಯುತ್ತೇನೆ. ಆಗದಿದ್ದರೆ ಈ ಎರಡೂ ಕೋಣೆಗಳು ಅಡುಗೆಮನೆಯ ಉಗ್ರಾಣಕ್ಕೆ. ಅಕ್ಕಿ ಮೂಟೆಗಳು ಅಂಗಳದಲ್ಲಿ ಬಿದ್ದಿವೆ. ಹುಡುಗರು ಅರ್ಧ ಪುಸ್ತಕ ಓದಿಯಾರು, ಅರ್ಧ ಊಟ ಮಾಡಲಾರರು,” ಎಂದ.

ಮರುದಿನವೇ ಅಡುಗೆಯವನು ಹಗ್ಗ ಹಿಡಿದು ಬಂದ. ಕೋಣೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ. “ಕಿಟಕಿ ಚೆನ್ನಾಗಿದೆ ಸ್ವಾಮಿ, ಬೇಳೆಗೆ ಗಾಳಿ ಬೇಕು,” ಎಂದು ಹೇಳಿ ಹೋದ.

ಭಂಡಾರಿಗೆ ಇದ್ದದ್ದು ಒಂದೇ ಆಸೆ. ಆ ವರ್ಷದ ಯುಗಾದಿಯ ಹೊತ್ತಿಗೆ ಸಂಗ್ರಾಹಕ ಒಂದು ಓಲೆಕಟ್ಟು ತಂದಿದ್ದ. ಬಾವಿ ತೋಡುವ ವಿದ್ಯೆಯ ಪುಸ್ತಕ. ಗುದ್ದಲಿ ಹೇಗೆ ಹಿಡಿಯಬೇಕು, ಮಣ್ಣು ಹೇಗೆ ಎತ್ತಬೇಕು, ಸುತ್ತ ಕಲ್ಲು ಹೇಗೆ ಕಟ್ಟಬೇಕು, ಕೆಳಗಿಳಿದವನಿಗೆ ಏನು ತಿನ್ನಿಸಬೇಕು, ಎಲ್ಲವೂ ಅದರಲ್ಲಿತ್ತು. ಕೊನೆಯ ಗರಿಯಲ್ಲಿ, ‘ಇನ್ನು ನೀರು ಎಲ್ಲಿದೆ ಎಂದು ತಿಳಿಯುವ ಬಗೆಯನ್ನು ಹೇಳುತ್ತೇನೆ’ ಎಂದು ಬರೆದಿತ್ತು. ಅಲ್ಲಿಗೆ ಗರಿ ಮುಗಿದಿತ್ತು.

ನೀಲಾಂಬಿಕೆಗೆ ನಗು ಬಂತು. ಗುರುಗಳು ಮುಂದುವರಿಸಿದರು.

ಆ ಕಟ್ಟನ್ನು ಕೊಟ್ಟವಳು ಪಕ್ಕದ ಪೇಟೆಯ ಒಬ್ಬ ಅಜ್ಜಿ. ಅವಳದು ಹಳೆಯ ವರ್ತಕರ ಮನೆ. ಆ ಮನೆಯವರು ತಲೆಮಾರುಗಳಿಂದ ನವರಾತ್ರಿಯಲ್ಲಿ ಅದನ್ನು ಮಣೆಯ ಮೇಲಿಟ್ಟು ಸರಸ್ವತಿ ಪೂಜೆ ಮಾಡುತ್ತಿದ್ದರು. ಕೊಡುವಾಗ ಅಜ್ಜಿ ಸಂಗ್ರಾಹಕನಿಗೆ ಹೇಳಿದ್ದಳು: “ಇದು ದೊಡ್ಡವಳು ಕಣಪ್ಪ. ಚಿಕ್ಕವಳು ಒಳಗಿದ್ದಾಳೆ. ದೊಡ್ಡವಳನ್ನು ಪ್ರತಿ ವರ್ಷ ಸರಸ್ವತಿ ಪೂಜೆಗೆ ತವರಿಗೆ ಕರೆದುಕೊಂಡು ಬನ್ನಿ. ವಿಜಯದಶಮಿವರೆಗೆ ಇದ್ದು ಹೋಗಲಿ. ನೀವು ಅವಳನ್ನು ಹೇಗೆ ಇಟ್ಟುಕೊಂಡಿದ್ದೀರಿ ಅಂತ ನೋಡುತ್ತೇನೆ. ಆಮೇಲೆ ಚಿಕ್ಕವಳ ಮಾತು.”

ಚಿಕ್ಕವಳೆಂದರೆ ಉಳಿದ ಅರ್ಧ.

ಸಂಗ್ರಾಹಕ ಒಪ್ಪಿ ಬಂದ. ಭಂಡಾರಿಗೂ ತಿಳಿಸಿದ. ಆರೈಕೆಗಾರನಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅವನು ಒಳಕೋಣೆಯವನು, ಅಷ್ಟೇ.

ಆರೈಕೆಗಾರ ತನ್ನ ಪಾಡಿಗೆ ತಾನು ಕೆಲಸ ಮಾಡಿದ. ಗರಿಗಳನ್ನು ಒಂದೊಂದಾಗಿ ಒರೆಸಿ ಎಣ್ಣೆ ಸವರಿದ. ಕಟ್ಟಿನ ಮೇಲೆ ಕೆಳಗೆ ಇದ್ದ ಎರಡು ಹಳೆಯ ಹಲಗೆಗಳನ್ನು ತೆಗೆದು ಬೀಟೆ ಮರದ ಹೊಸ ಹಲಗೆ ಹಾಕಿದ. ಹಳೆಯ ದಾರ ತೆಗೆದು ಹೊಸ ದಾರ ಪೋಣಿಸಿದ. ಕೆಲಸ ನೋಡಿ ಭಂಡಾರಿ ಅವನ ಬೆನ್ನು ತಟ್ಟಿದ. “ನಿನ್ನೆ ಬರೆದಂತಿದೆ,” ಎಂದ.

ನವರಾತ್ರಿ ಬಂತು. ಸರಸ್ವತಿ ಪೂಜೆಯ ಹಿಂದಿನ ದಿನ ಭಂಡಾರಿಯೂ ಸಂಗ್ರಾಹಕನೂ ಕಟ್ಟನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಿಯ ಮನೆಗೆ ಹೋದರು. ಅಜ್ಜಿ ಬಾಗಿಲಿಗೆ ರಂಗೋಲಿ ಹಾಕಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆರತಿ ಎತ್ತಿ, ಒಳಗೆ ಕರೆದು, ಬಟ್ಟೆ ಬಿಚ್ಚಿ ನೋಡಿದಳು. ತಿರುಗಿಸಿ ನೋಡಿದಳು.

“ಇದು ಯಾರ ಮನೆಯದು?”

“ನಿಮ್ಮದೇ, ಅಮ್ಮ.”

“ನಮ್ಮದಲ್ಲ. ನಮ್ಮದರ ಹಲಗೆಯ ಮೇಲೆ ನಮ್ಮತ್ತೆ ಇಟ್ಟ ಕುಂಕುಮವಿತ್ತು. ಅವರತ್ತೆ ಹಚ್ಚಿದ ಅರಿಶಿನವಿತ್ತು. ಮೂಲೆಯಲ್ಲಿ ನಮ್ಮ ಯಜಮಾನರ ಹಲ್ಲಿನ ಗುರುತಿತ್ತು.”

“ಹಲ್ಲಿನ ಗುರುತೇ?”

“ಹಲ್ಲು ಬರುವಾಗ ಕಚ್ಚಿದ್ದರಂತೆ. ಅವರ ಹೊಟ್ಟೆಗೆ ಹೋದ ವಿದ್ಯೆ ಅಷ್ಟೇ ಅಂತ ನಮ್ಮತ್ತೆ ಹೇಳಿ ಹೇಳಿ ನಗುತ್ತಿದ್ದರು.”

ಸಂಗ್ರಾಹಕ ಸಮಾಧಾನ ಹೇಳಲು ಹೋದ. “ಗರಿಗಳೂ ಅವೇ, ಅಕ್ಷರವೂ ಅದೇ ಅಮ್ಮ. ಹಲಗೆ ಮಾತ್ರ ಹೊಸದು. ಹಳೆಯದಕ್ಕಿಂತ ಗಟ್ಟಿ.”

“ಇರಬಹುದಪ್ಪ. ನನಗೆ ಓದಲು ಬರುವುದಿಲ್ಲ. ಮಗಳನ್ನು ಗುರುತು ಹಿಡಿಯುವುದು ಮುಖ ನೋಡಿ. ಹಬ್ಬಕ್ಕೆ ಬಂದಿದ್ದಾಳೆ, ಯಾರೇ ಆಗಲಿ ಪೂಜೆ ಮಾಡುತ್ತೇನೆ. ನೀವೂ ಊಟ ಮಾಡಿಕೊಂಡು ಹೋಗಿ. ಆದರೆ ಚಿಕ್ಕವಳನ್ನು ಕಳಿಸಲಾರೆ. ಬರುವ ವರ್ಷ ಇಬ್ಬರೂ ಗುರುತು ಸಿಗದೆ ಬಂದರೆ ನಾನು ಯಾರನ್ನು ಕೇಳಲಿ?”

ಕಟ್ಟನ್ನು ಪೂಜೆಗೆ ಅಲ್ಲೇ ಬಿಟ್ಟು ಇಬ್ಬರೂ ಊಟ ಮಾಡಿದರು. ಪಾಯಸವಿತ್ತು, ರುಚಿ ತಿಳಿಯಲಿಲ್ಲ.

ದಾರಿಯಲ್ಲಿ ಸಂಗ್ರಾಹಕ, “ನಾನು ಆರು ಸಲ ತಿರುಗಿ ತಂದದ್ದನ್ನು ಒಳಕೋಣೆಯವನು ಕೂತಲ್ಲೇ ಕೆಡಿಸಿದ,” ಎಂದ.

ಊರಿಗೆ ಬಂದವರೇ ಆರೈಕೆಗಾರನ ಬಾಗಿಲು ತಟ್ಟಿದರು.

“ಹಳೆಯ ಹಲಗೆ ಎಲ್ಲಿ?”

“ಸೀಳಿದ್ದವು, ಅಂಟಂಟಾಗಿದ್ದವು, ಇರುವೆ ಬರುತ್ತಿತ್ತು. ಅಡುಗೆಯವನು ಬಿಸಿ ಪಾತ್ರೆ ಇಳಿಸಲು ಏನಾದರೂ ಬೇಕೆಂದ, ಕೊಟ್ಟೆ. ಯಾಕೆ?”

ಯಾಕೆಂದು ಭಂಡಾರಿ ಹೇಳಿದ. ದೊಡ್ಡವಳು, ಚಿಕ್ಕವಳು, ತವರು, ಎಲ್ಲವನ್ನೂ ಹೇಳಿದ. ಆರೈಕೆಗಾರ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ.

“ಇದನ್ನು ನನಗೆ ಯಾರೂ ಹೇಳಲಿಲ್ಲವಲ್ಲ,” ಎಂದ.

“ಅವನನ್ನು ಏನು ಮಾಡಿದರು?” ಎಂದು ನೀಲಾಂಬಿಕೆ ಕೇಳಿದಳು.

“ನೀನಾಗಿದ್ದರೆ ಏನು ಮಾಡುತ್ತಿದ್ದೆ?”

“ಕಾರಣ ಕೇಳುತ್ತಿದ್ದೆ. ಬರವಣಿಗೆಯಲ್ಲಿ.”

“ಬರವಣಿಗೆಯಲ್ಲಿ ಉತ್ತರ ಬರುವ ಹೊತ್ತಿಗೆ ಬೇಳೆ ಮೂಟೆ ಒಳಗೆ ಬಂದು ಕೂತಿರುತ್ತಿತ್ತು,” ಎಂದರು ಗುರುಗಳು.

ಭಂಡಾರಿ ಕಾರಣ ಕೇಳಲಿಲ್ಲ. ಕಾರಣ ಅವನ ಎದುರಿಗೇ ಇತ್ತು: ಬಾಗಿಲ ಬಳಿಯ ಆ ಮೇಜು. ಅವನು ಆರೈಕೆಗಾರನಿಗೆ, “ನಾಳೆ ಅಜ್ಜಿಯ ಮನೆಗೆ ನೀನು ಹೋಗು,” ಎಂದ.

“ನಾನೇ? ಮನೆಮನೆ ತಿರುಗುವುದು ನನ್ನ ಕೆಲಸವಲ್ಲ.”

“ಇವತ್ತಿನವರೆಗೆ ಅಲ್ಲ.”

“ಹೋಗಿ ಏನು ಹೇಳಲಿ?”

“ಏನೂ ಹೇಳಬೇಡ. ಹಲಗೆಯ ಮೇಲಿನ ಯಾವ ಗುರುತು ಯಾರದು ಎಂದು ಕೇಳು.”

ಮೂವರೂ ಅಡುಗೆಮನೆಗೆ ಹೋದರು. ಹಲಗೆಗಳು ಹುಳಿಯ ಪಾತ್ರೆಯ ಕೆಳಗಿದ್ದವು.

“ಒಳ್ಳೆಯ ಹಲಗೆ ಸ್ವಾಮಿ, ಪಾತ್ರೆ ಒಂದಿಷ್ಟೂ ಅಲ್ಲಾಡುವುದಿಲ್ಲ,” ಎಂದ ಅಡುಗೆಯವನು. “ಬೇಕಾದರೆ ತೆಗೆದುಕೊಂಡು ಹೋಗಿ. ಹಬ್ಬ ಕಳೆದರೆ ಹೇಗೂ ನಾನೇ ನಿಮ್ಮಲ್ಲಿಗೆ ಬರುತ್ತೇನಲ್ಲ.”

ಅರಿಶಿನ ಕುಂಕುಮ ಹಾಗೆಯೇ ಇತ್ತು. ಮೂಲೆಯಲ್ಲಿ ಹಲ್ಲಿನ ಗುರುತೂ ಇತ್ತು. ಅದರ ಜೊತೆಗೆ ಒಂದು ಹಲಗೆಯ ನಡುವೆ ಹುಳಿಯ ದುಂಡನೆಯ ಕಲೆ ಹೊಸದಾಗಿ ಬಿದ್ದಿತ್ತು. ಆರೈಕೆಗಾರನ ಕೈ ತಾನಾಗಿ ಬಟ್ಟೆಗೆ ಹೋಯಿತು. ಭಂಡಾರಿ ಆ ಕೈ ಹಿಡಿದುಕೊಂಡ.

“ಇದು ಬರೀ ಹುಳಿ,” ಎಂದ ಆರೈಕೆಗಾರ.

“ಆಗಲಿ. ಕೇಳದೆ ಇನ್ನು ಏನನ್ನೂ ಒರೆಸುವುದು ಬೇಡ.”

ಮರುದಿನ ದಾರಿ ತೋರಿಸಲು ಸಂಗ್ರಾಹಕ ಜೊತೆಗೆ ಹೊರಟ. ಒಂದೇ ಬಾಗಿಲಿನ ಎರಡು ಬದಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಮೊದಲ ಸಲ ಜೊತೆಯಾಗಿ ನಡೆದರು. ಕೆರೆ ಏರಿಯ ಮೇಲೆ ಜಗಳವಾಯಿತು. ಅದು ಮುಗಿಯುವ ಹೊತ್ತಿಗೆ ಹಸಿವಾಯಿತು. ಆರೈಕೆಗಾರ ಬುತ್ತಿ ತಂದಿರಲಿಲ್ಲ, ಸಂಗ್ರಾಹಕನದನ್ನೇ ಇಬ್ಬರೂ ತಿಂದರು.

ಅಜ್ಜಿ ಹಲಗೆಗಳನ್ನು ಮಡಿಲಲ್ಲಿಟ್ಟುಕೊಂಡು ಮೊದಲು ಮೂಲೆಯನ್ನು ಸವರಿದಳು. “ಹಲ್ಲು ಇದೆ,” ಎಂದಳು.

ಆರೈಕೆಗಾರ ಒಂದೊಂದು ಗುರುತನ್ನೂ ತೋರಿಸಿ, ಇದು ಯಾರದು, ಇದು ಯಾರದು ಎಂದು ಕೇಳಿದ. ಇದು ನಮ್ಮತ್ತೆಯದು, ಅವರ ಹೆಬ್ಬೆರಳು ದಪ್ಪ. ಈ ಗೀಟು ನನ್ನ ಮಗಳದು, ನಡೆಯಲು ಕಲಿತ ವರ್ಷ ಮಣೆ ಹಿಡಿದು ನಿಂತಾಗ ಎಳೆದದ್ದು. ಈ ದಪ್ಪ ಅರಿಶಿನ ಹಿತ್ತಿಲ ಬಾವಿಯಲ್ಲಿ ನೀರು ಬಂದ ದಿನ ಮನೆಮಂದಿಯೆಲ್ಲ ಸೇರಿ ಹಚ್ಚಿದ್ದು. ಅಜ್ಜಿ ಹೇಳುತ್ತ ಹೋದಳು. ಆರೈಕೆಗಾರ ಎಷ್ಟೋ ಪುಸ್ತಕಗಳ ಮೇಲೆ ಇಂಥ ಕಲೆ ನೋಡಿದ್ದ. ಅವುಗಳಿಗೆ ಹೆಸರಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅಜ್ಜಿಯ ಬೆರಳು ದುಂಡನೆಯ ಕಲೆಯ ಮೇಲೆ ನಿಂತಿತು.

“ಇದು ನಮ್ಮ ಮನೆಯದಲ್ಲ. ಏನಿದು?”

ಸಂಗ್ರಾಹಕ ಮಾಡಿನ ತೊಲೆ ನೋಡತೊಡಗಿದ.

“ಹುಳಿ, ಅಮ್ಮ,” ಎಂದ ಆರೈಕೆಗಾರ. “ನಮ್ಮ ಅಡುಗೆಮನೆಯದು. ಪಾತ್ರೆ ಇಳಿಸಲೆಂದು ಹಲಗೆ ಕೊಟ್ಟವನು ನಾನೇ.”

ಅಜ್ಜಿ ಹಲಗೆಯನ್ನು ಮೂಗಿನ ಹತ್ತಿರ ತಂದಳು. “ಏನು ಹುಳಿ?”

“ಕುಂಬಳಕಾಯಿ ಹುಳಿ.”

ಅಜ್ಜಿ ನಗಲು ಶುರುಮಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. “ಹಾಗಾದರೆ ನನ್ನ ಮಗಳನ್ನು ಅಡುಗೆಮನೆಯವರೆಗೂ ಬಿಟ್ಟುಕೊಂಡಿದ್ದೀರಿ ಅನ್ನಿ. ಬೀಗ ಹಾಕಿದ ಕೋಣೆಯಲ್ಲಿ ಕೂರಿಸಿದ್ದೀರಿ, ಅವಳಿಗೆ ಯಾರೂ ದಿಕ್ಕಿಲ್ಲ ಅಂತ ನಾನು ಅಂದುಕೊಂಡಿದ್ದೆ.”

ಎದ್ದು ಒಳಗೆ ಹೋದಳು. ಚಿಕ್ಕವಳನ್ನು ಎತ್ತಿಕೊಂಡು ಬಂದಳು. ಬಟ್ಟೆ ಬಿಚ್ಚಿದಾಗ ನೆಲದ ಮೇಲೆ ಸಣ್ಣಗೆ ಹುಡಿ ಉದುರಿತು.

ಅಜ್ಜಿಯ ನಗು ನಿಂತಿತು. “ಹೋದ ವರ್ಷ ಹೀಗಿರಲಿಲ್ಲ,” ಎಂದಳು.

ಆರೈಕೆಗಾರ ಬಾಗಿ ನೋಡಿದ. “ಹುಳು ಹಿಡಿದಿದೆ ಅಮ್ಮ. ನೈವೇದ್ಯದ ಬೆಲ್ಲ, ಹಾಲು ಎಲ್ಲಿ ಗರಿಗೆ ತಾಗಿದೆಯೋ ಅಲ್ಲೇ ಹಿಡಿದಿದೆ. ಅಕ್ಷರ ಇನ್ನೂ ಉಳಿದಿದೆ. ಇನ್ನೊಂದು ವರ್ಷ ಹೋಗಿದ್ದರೆ ಉಳಿಯುತ್ತಿರಲಿಲ್ಲ. ಹಲಗೆಯ ಮೇಲೆ ಎಷ್ಟು ಬೇಕಾದರೂ ಅರಿಶಿನ ಕುಂಕುಮ ಹಚ್ಚಿ. ಗರಿಗೆ ಮಾತ್ರ ಏನನ್ನೂ ತಾಗಿಸಬೇಡಿ.”

“ಅದನ್ನು ಮೊದಲೇ ಬಂದು ಹೇಳಬಾರದಿತ್ತೇನಪ್ಪ?”

“ನಾನು ನಿಮ್ಮ ಮನೆಗೆ ಬಂದದ್ದೇ ಇವತ್ತು, ಅಮ್ಮ.”

ಅಷ್ಟು ಹೊತ್ತಿಗೆ ಪೂಜೆಯ ಸಮಯವಾಗಿತ್ತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆದು ಓದುವಂತಿಲ್ಲ. ಮುಟ್ಟಿ ಎಣ್ಣೆ ಸವರಬಹುದೇ ಎಂದು ಆರೈಕೆಗಾರ ಅಳುಕುತ್ತ ಕೇಳಿದ.

“ಮಗುವಿಗೆ ಮೈ ಸರಿಯಿಲ್ಲದಿದ್ದರೆ ಹಬ್ಬ ಅಂತ ಔಷಧಿ ಬಿಡುತ್ತಾರೆಯೇ?” ಎಂದಳು ಅಜ್ಜಿ.

ಸಂಗ್ರಾಹಕನ ಜೊತೆ ಅವನು ಅಲ್ಲೇ ಉಳಿದ. ಹಬ್ಬದ ಊಟ ಉಂಡು, ದೇವರ ಮುಂದೆ ಕುಳಿತು, ಚಿಕ್ಕವಳ ಗರಿಗಳನ್ನು ಓದದೆ ಒಂದೊಂದಾಗಿ ಒರೆಸಿದ. ದೊಡ್ಡವಳಿಗೆ ಅವಳ ಹಳೆಯ ಹಲಗೆಗಳನ್ನು ತಾನೇ ಕಟ್ಟಿದ. ಚಿಕ್ಕವಳ ಹಲಗೆಯನ್ನು ಮುಟ್ಟಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮಣೆಯಿಂದ ಪುಸ್ತಕ ಇಳಿಸಿದರು. ಅಜ್ಜಿಯ ಅಪ್ಪಣೆ ಕೇಳಿ ಸಂಗ್ರಾಹಕ ಚಿಕ್ಕವಳ ಮೊದಲ ಗರಿ ಓದಿದ. ‘ನೀರು ಇರುವಲ್ಲಿ ಹುಲ್ಲಿನ ಬಣ್ಣ ಬೇರೆ’ ಎಂದು ಅದು ಶುರುವಾಗಿತ್ತು. ಅಜ್ಜಿ ಇಬ್ಬರು ಹೆಣ್ಣುಮಕ್ಕಳಿಗೂ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿ ಕಳಿಸಿಕೊಟ್ಟಳು.

ಅವರು ಪೀಠಕ್ಕೆ ಬಂದಾಗ ಕುಲಪತಿ ಬಾಗಿಲಲ್ಲಿ ನಿಂತಿದ್ದ. ಅಡುಗೆಯವನು ಮೊದಲ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಅವನ ಹಿಂದೆ ನಿಂತಿದ್ದ. ಭಂಡಾರಿ ದೊಡ್ಡವಳ ಕೊನೆಯ ಗರಿಯನ್ನೂ ಚಿಕ್ಕವಳ ಮೊದಲ ಗರಿಯನ್ನೂ ಅಕ್ಕಪಕ್ಕ ಹಿಡಿದು ತೋರಿಸಿದ. ಕುಲಪತಿ ಎರಡು ಸಲ ಓದಿದ.

“ಪೂರ್ತಿ,” ಎಂದ.

“ಹಾಗಾದರೆ ಈ ಮೂಟೆ?” ಎಂದ ಅಡುಗೆಯವನು.

“ಇಳಿಸು. ಮೊದಲು ಆ ಮಡಿಲಕ್ಕಿಯಲ್ಲಿ ಏನಾದರೂ ಸಿಹಿ ಮಾಡು.”

ಮುಂದೆ ಆ ಪುಸ್ತಕ ನೋಡಿಕೊಂಡೇ ಅಡುಗೆಮನೆಯ ಹಿಂದೆ ಬಾವಿ ತೋಡಿದರು. ನೀರು ಬಂತು. ಅಲ್ಲಿಯವರೆಗೆ ಕೆರೆಯಿಂದ ನೀರು ಹೊರುತ್ತಿದ್ದ ಅಡುಗೆಯವನು ಆಮೇಲೆ ಕೋಣೆಯ ಮಾತೆತ್ತಲಿಲ್ಲ. ಮೂಟೆಗಳಿಗೆ ಅಂಗಳದಲ್ಲೇ ಒಂದು ಚಪ್ಪರ ಹಾಕಿಸಿಕೊಂಡ.

ಭಂಡಾರಿ ಬಾಗಿಲ ಬಳಿಯ ಮೇಜು ತೆಗೆಸಿಹಾಕಿದ. ಅದರ ಜಾಗದಲ್ಲಿ ಒಂದು ನಿಯಮ ಮಾಡಿದ: ಯಾವ ಪುಸ್ತಕ ಬಂದರೂ ಅದು ಬಂದ ಮನೆಯಲ್ಲಿ ಒಂದು ಊಟ ಮಾಡಿ ಬರದೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆರೈಕೆಗಾರ ಮೊದಲು ಗೊಣಗಿದ. ಎರಡು ವರ್ಷದಲ್ಲಿ ದಪ್ಪಗಾದ. ಯಾವ ಊರಿನಲ್ಲಿ ಯಾವ ಪುಸ್ತಕವಿದೆ ಎಂದು ಸಂಗ್ರಾಹಕ ಹೇಳಿದರೆ, ಆ ಮನೆಯಲ್ಲಿ ಯಾವ ಹೋಳಿಗೆ ಮಾಡುತ್ತಾರೆ ಎಂದು ಇವನು ಹೇಳುತ್ತಿದ್ದ.

ಪ್ರತಿ ನವರಾತ್ರಿಗೆ ಪುಸ್ತಕಗಳು ತವರಿಗೆ ಹೋದವು. ಯಾವುದೂ ಒಂಟಿಯಾಗಿ ಮರಳಲಿಲ್ಲ. ಅಜ್ಜಿಯ ಮನೆಯ ಎದುರಿನವರು, ನಮ್ಮವಳೂ ಜೊತೆಗಿರಲಿ ಎಂದು ಒಂದು ಕಟ್ಟು ಕಳಿಸಿದರು. ಅವರ ಬೀಗರು ಇನ್ನೊಂದು ಕಳಿಸಿದರು. ಕೊನೆಗೆ ಕುಲಪತಿಯೇ ಮೂರನೆಯ ಕೋಣೆ ಕಟ್ಟಿಸಬೇಕಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನೀಲಾಂಬಿಕೆ ಹಸನ್ಮುಖಿಯಾಗಿ ನೆಟ್ಟಗೆ ಕುಳಿತಳು. “ತಿಳಿಯಿತು, ಗುರುಗಳೇ. ನಾಳೆಯೇ ನಮ್ಮ ಆರೂ ಜನರನ್ನು ನಿಮ್ಮ ಮನೆಗೆ ಊಟಕ್ಕೆ ಕರೆತರುತ್ತೇನೆ. ಈ ಪೆಟ್ಟಿಗೆ ಯಾವಾಗ ಕೊಡುತ್ತೀರಿ ಹೇಳಿ.”

ಗುರುಗಳು ಸೊಂಟದಿಂದ ಕೀಲಿಕೈ ತೆಗೆದು ಅಂಗೈ ಮೇಲಿಟ್ಟುಕೊಂಡರು.

“ನಾನು ಕೊಟ್ಟ ಕಟ್ಟಿನ ಹಳೆಯ ಹಲಗೆಗಳು ಈಗ ಯಾವ ಪಾತ್ರೆಯ ಕೆಳಗಿವೆ ಎಂದು ಹೇಳು, ಈಗಲೇ ಕೊಡುತ್ತೇನೆ.”